ರಕ್ತದಲ್ಲಿ ಸಿಕ್ಕ ಜೀನ

ತೀರಿಹೋದ ರಾಮಲಿಂಗಪ್ಪನ ದಿವಸದ ಊಟ ಮುಗಿದು, ಬಂದ ಬೀಗರೆಲ್ಲ ತಮ್ಮ ತಮ್ಮ ಬಸ್ಸು ಹತ್ತಿ, ಪುಣೆಯ ಯೆರವಡಾದ ಆ ಎರಡು ಕೋಣೆಯ ಮನೆಯಲ್ಲಿ ಒಲೆಯ ಮೇಲೆ ಮೊದಲ ಸಲ ಬರೀ ಮೂರು ಕಪ್ಪು ಚಹಾ ಇಟ್ಟ ಬೆಳಗ್ಗೆ, ಅವನ ತಮ್ಮ ಗುರಣ್ಣ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದ:

"ಇವತ್ತ ಯಾವ ವಾರ?"

ಬೇರೆ ಯಾರ ಮನೆಯಲ್ಲಾದರೂ ಇದು ತೀರ ಸಾಧಾರಣ ಪ್ರಶ್ನೆ. ಈ ಮನೆಯಲ್ಲಿ ಮಾತ್ರ ಐದು ವರ್ಷಗಳಿಂದ ಅದು ರಾಮಲಿಂಗಪ್ಪನ ಸ್ವಂತ ಪ್ರಶ್ನೆಯಾಗಿತ್ತು. ಏಳು ಗಂಟೆಗೆ ಕೇಳುತ್ತಿದ್ದ, ಗುರಣ್ಣ ಉತ್ತರ ಹೇಳುತ್ತಿದ್ದ. ಏಳೂಕಾಲಿಗೆ ಮತ್ತೆ ಕೇಳುತ್ತಿದ್ದ, ಗುರಣ್ಣ ಮತ್ತೆ ಹೇಳುತ್ತಿದ್ದ. ಹಾಗೆ ಹೇಳಿ ಹೇಳಿ ರೂಢಿಯಾದ ಬಾಯಿ ಈ ಹೊತ್ತು ಕೇಳುವವರು ಇಲ್ಲದ್ದನ್ನು ಕಂಡು ತಾನೇ ಕೇಳಿಬಿಟ್ಟಿತ್ತು, ಅಷ್ಟೇ. ಆದರೆ ಗುರಣ್ಣನ ಹೆಂಡತಿ ಹುಲಿಗೆವ್ವನ ಕೈಯಿಂದ ಸೌಟು ಬಿತ್ತು.

"ಅಯ್ಯ ನಮ್ಮವ್ವ! ಭಾವಾರ ರೋಗ ಇವರಿಗೆ ಹತ್ತೇ ಬಿಡ್ತಲ್ರೀ ಅಕ್ಕಾ!"

ರಾಮಲಿಂಗಪ್ಪನ ಹೆಂಡತಿ ಸಾವಂತ್ರವ್ವ ಚಹಾ ಸೋಸುತ್ತಿದ್ದಳು. ಸೋಸುವುದನ್ನು ನಿಲ್ಲಿಸಲಿಲ್ಲ.

"ಗುರುವಾರ," ಅಂದಳು.

ಗುರಣ್ಣ ಗಾಬರಿಯಾಗಿದ್ದಕ್ಕೆ ಬಲವಾದ ಕಾರಣವಿತ್ತು. ಅವನು ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ವಿಚಾರಿಸುವ ಚೌಕಶಿ ಕಿಟಕಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ಕಿಟಕಿಯ ಆಚೆಯಿಂದ ಯಾರು ಯಾವ ಊರಿನ ಹೆಸರು ಹೇಳಲಿ, ಈಚೆಯಿಂದ ವೇಳೆಯೂ ಪ್ಲಾಟ್‌ಫಾರ್ಮೂ ತಟ್ಟನೆ ಬೀಳುತ್ತಿದ್ದವು. ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನ ಮಗ ಪುಣೆಯವರಿಗೆ ಅವರದೇ ಮರಾಠಿಯಲ್ಲಿ ದಾರಿ ತೋರಿಸುತ್ತಾನೆಂಬುದು ಅವನ ಜೀವಮಾನದ ಹೆಮ್ಮೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಕಿಟಕಿಯಲ್ಲಿ ಕೂತೇ ನಿವೃತ್ತನಾಗಬೇಕು, ಹಾರ ಹಾಕುವುದಾದರೆ ಆ ಸರಳುಗಳ ಸಂದಿಯಿಂದಲೇ ಹಾಕಬೇಕು ಎಂಬುದು ಅವನ ಆಸೆ. ನೆನಪು ಕೆಟ್ಟಿತೆಂದು ಡಿಪೋದಲ್ಲಿ ಗೊತ್ತಾದರೆ ಮುಗಿಯಿತು; ಹಿಂದಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಪ್ರಯಾಣಿಕರು ಮರೆತು ಹೋದ ಚೀಲ, ಛತ್ರಿ, ಒಂಟಿ ಚಪ್ಪಲಿಗಳನ್ನು ಕಾಯಬೇಕು. ಮರೆತವರ ಸಾಮಾನಿಗೆ ಮರೆಯುವವನ ಕಾವಲು. ಇದಕ್ಕಿಂತ ದೊಡ್ಡ ಅವಮಾನ ಗುರಣ್ಣನ ಕಲ್ಪನೆಗೆ ನಿಲುಕುತ್ತಿರಲಿಲ್ಲ.

ಪಕ್ಕದ ಮನೆಯ ಪ್ರಲ್ಹಾದ ಅದೇ ಡಿಪೋದಲ್ಲಿ ಕಂಡಕ್ಟರು. ಅವನ ಕಿವಿಗೆ ಗೋಡೆ ಎಂಬುದೇ ಇರಲಿಲ್ಲ. ಸೌಟು ಬಿದ್ದ ಐದು ನಿಮಿಷಕ್ಕೆ ಬಾಗಿಲಲ್ಲಿ ನಿಂತು, ಮರಾಠಿಯಲ್ಲಿ ಸಮಾಧಾನ ಹೇಳಿದ: "ಹೆದರಬ್ಯಾಡ್ರಿ ಗುರಣ್ಣ. ಒಂದು ಕಾಲೇಜಿನವರು ಐವತ್ತೈದು ದಾಟಿದವರ ರಕ್ತ ನೋಡಿ ಮೆದುಳಿಗೆ ತಾಲೀಮು ಕೊಡ್ತಾರಂತ. ನಮ್ಮ ಬಸ್ಸಿನಾಗ ಚೀಟಿ ಹಚ್ಚಿದ್ರು. ಫುಕಟ್."

ಕೊನೆಯ ಶಬ್ದ ಗುರಣ್ಣನಿಗೆ ಬಹಳ ಇಷ್ಟವಾಯಿತು. ಮರುದಿನವೇ ಹೋದ.

ಕಾಲೇಜಿನಲ್ಲಿ ಇವನ ಪಾಲಿಗೆ ಬಂದವಳು ಭಾಗ್ಯಾ ಎಂಬ ಬೆಂಗಳೂರಿನ ಹುಡುಗಿ. ಕನ್ನಡದವರೆಂದು ತಿಳಿದು ಖುಷಿಯಾದಳು. ರಕ್ತ ತೆಗೆದುಕೊಂಡಳು, ಬಿಸ್ಕತ್ತು ಕೊಟ್ಟಳು, ಇಪ್ಪತ್ತು ಪದ ಓದಿ ಹೇಳಿ ನೆನಪಿನಿಂದ ಒಪ್ಪಿಸಲು ಹೇಳಿದಳು. ಗುರಣ್ಣ ಒಂಬತ್ತು ಒಪ್ಪಿಸಿ ಬೆವೆತುಹೋದ.

"ಟೆನ್ಷನ್ ಬೇಡ ಸರ್. ಹತ್ತು ವಾರ ಟ್ರೈನಿಂಗ್ ಇರತ್ತೆ. ಈಗ ನೀವು ನಿಮ್ಮ ಮನೇನ ಕಣ್ಮುಂದೆ ತಂದ್ಕೊಳ್ಳಿ. ಒಂದೊಂದು ರೂಮಲ್ಲಿ ಒಂದೊಂದು ಪದ ಇಟ್ಕೊಂಡು ಹೋಗಿ."

"ಇಪ್ಪತ್ತ ಪದಕ್ಕ ಇಪ್ಪತ್ತ ಖೋಲಿ ಬೇಕಲ್ರೀ ಬಾಯಾರ? ನಮಗಿರೂದು ಎರಡ. ಅದರಾಗೂ ಒಂದರಾಗ ಹುಲಿಗೆವ್ವ ಇರ್ತಾಳ."

"ಹಾಗಾದ್ರೆ ನಿಮಗೆ ಚೆನ್ನಾಗಿ ಗೊತ್ತಿರೋ ಯಾವುದಾದ್ರೂ ದಾರಿ?"

ಗುರಣ್ಣನ ಮುಖ ಅರಳಿತು. ಇಂದಾಪುರದ ಬಸ್ಸು ಹೊರಡಿಸಿದ. ಹಡಪಸರದಲ್ಲಿ ಲಿಂಬೆಹಣ್ಣು ಹತ್ತಿತು, ಲೋಣಿಯಲ್ಲಿ ಆನೆ, ಉರುಳಿಯಲ್ಲಿ ಕನ್ನಡಿ. ಯವತದಲ್ಲಿ ಒಬ್ಬ ರಾಜ ಅರ್ಧ ಟಿಕೆಟಿಗೆ ಜಗಳ ತೆಗೆದ. ಭಿಗವಣ ಬರುವಷ್ಟರಲ್ಲಿ ಹದಿಮೂರು ಪದ ಸೀಟು ಹಿಡಿದು ಕೂತಿದ್ದವು. ಭಾಗ್ಯಾ ಹುಬ್ಬೇರಿಸಿ ಬರೆದುಕೊಂಡಳು.

ಇಲ್ಲಿಗೇ ಎದ್ದುಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಗುರಣ್ಣ ಬಾಗಿಲಲ್ಲಿ ನಿಂತು ಕೇಳಿದ: "ರಕ್ತ ಯಾಕ ತಗೊಂಡ್ರಿ?"

"ಅದಾ ಸರ್? ಕೆಲವರ ರಕ್ತದಲ್ಲಿ ಒಂದು ಜೀನ್ ಇರತ್ತೆ. ತಂದೆ ತಾಯಿಯಿಂದ ಬರೋದು. ಅದು ಇರೋರಿಗೆ ವಯಸ್ಸಾದ ಮೇಲೆ ಮರೆವು ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ. ಅಂಥೋರಿಗೆ ಈ ಟ್ರೈನಿಂಗ್ ಎಷ್ಟು ಕೆಲಸ ಮಾಡತ್ತೆ ಅಂತ ನೋಡ್ತಿದೀವಿ."

ಗುರಣ್ಣನಿಗೆ ಬೆಂಗಳೂರಿನವರ ಕನ್ನಡದ ಬಗ್ಗೆ ಒಂದು ಗಟ್ಟಿ ಅಭಿಪ್ರಾಯವಿತ್ತು. ಅವರು ಇಂಗ್ಲಿಷು ಕಲಿತ ಮೇಲೆ ಕನ್ನಡ ಶಬ್ದಗಳ ಬಾಲ ಕತ್ತರಿಸುತ್ತಾರೆ. ಆದ್ದರಿಂದ ಅವನು ಆ ಶಬ್ದಕ್ಕೆ ಮನಸ್ಸಿನಲ್ಲೇ ಬಾಲ ಜೋಡಿಸಿಕೊಂಡ: ಜೀನ. ಕುಷ್ಟಗಿಯ ಕಡೆ ಜೀನ ಎಂದರೆ ಜಿಪುಣ. ಅದೂ ಬರೀ ಕೈ ಬಿಗಿ ಹಿಡಿದವನಲ್ಲ, ಕೈ ತೊಳೆದ ನೀರನ್ನೂ ಗಿಡಕ್ಕೆ ಹಾಕಲೋ ದನಕ್ಕೆ ಕುಡಿಸಲೋ ಎಂದು ಅರ್ಧ ಗಂಟೆ ಯೋಚಿಸುವವನು.

"ನನ್ನ ರಕ್ತದಾಗ... ಜೀನ... ಅದ ಏನ್ರಿ?"

"ಅದನ್ನ ನಾವು ಹೇಳೋ ಹಾಗಿಲ್ಲ ಸರ್. ರೂಲ್ಸ್."

ಗುರಣ್ಣನಿಗೆ ಅಲ್ಲಿಗೆ ಖಾತ್ರಿಯಾಯಿತು. ಸುಸಂಸ್ಕೃತ ಮನೆಯ ಹುಡುಗಿ. ತಂದೆಯ ವಯಸ್ಸಿನವನಿಗೆ ನೀ ಜೀನ ಅಂತ ಮುಖಕ್ಕೆ ಹೊಡೆದಂತೆ ಹ್ಯಾಗೆ ಹೇಳಿಯಾಳು?

ಮನೆಗೆ ಬಂದು ಸುದ್ದಿ ಹೇಳಿದಾಗ ಹುಲಿಗೆವ್ವನಿಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ.

"ಇದಕ್ಕ ರಕ್ತ ಯಾಕ ತಗೀಬೇಕಿತ್ರಿ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ನಿಮ್ಮಪ್ಪ ಕಡ್ಡಿಪೆಟ್ಟಿಗಿಯ ಕಡ್ಡಿ ಬ್ಲೇಡಿನಿಂದ ಸೀಳಿ ಎರಡ ಮಾಡಾಂವ. ಭಾವಾರು ಪೇಪರ್ ಓದಬೇಕಂದ್ರ ಕ್ಷೌರದಂಗಡಿ ಮುಂದ ನಿಂತು ಓದೋರು. ನೀವು, ಬಂದ ಲಗ್ನಪತ್ರಿಕೆ ಮಗ್ಗಲಾ ಬದಲಿ ಮಾಡಿ ಚೀಟಿ ಬರೀತೀರಿ. ಮೂರೂ ಮಂದಿ ಜೀನರ."

"ಅಪ್ಪನೂ ಮರೆತ, ಅಣ್ಣನೂ ಮರೆತ," ಎಂದ ಗುರಣ್ಣ. "ಲೆಕ್ಕ ಬರೋಬರಿ ಕೂಡ್ತದ. ಜೀನತನ ಹೆಚ್ಚಾದಂಗ ಮಿದುಳು ಒಣಗ್ತದ. ವೈನಿ, ನೀವೇನಂತೀರಿ?"

ಸಾವಂತ್ರವ್ವ ರೊಟ್ಟಿ ಬಡಿಯುತ್ತಿದ್ದಳು. "ಮೊದಲ ಉಣ್ಣು," ಅಂದಳು. ಸೂತಕ ಕಳೆದ ಮೇಲೆ ಅವಳ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು; ಆ ಹತ್ತನ್ನೂ ಅವಳು ಊಟಕ್ಕೇ ಖರ್ಚು ಮಾಡುತ್ತಿದ್ದಳು.

ರೋಗದ ಮೂಲ ಸಿಕ್ಕ ಮೇಲೆ ಔಷಧ ಸಿಗುವುದು ತಡವಲ್ಲ. ಜೀನತನ ಬಿಡಬೇಕು. ಕೊಡಬೇಕು. ಎಷ್ಟು ಕೊಟ್ಟರೆ ಅಷ್ಟು ರಕ್ತ ಶುದ್ಧಿ.

ಶನಿವಾರ ಗುರಣ್ಣ ಡಿಪೋದಲ್ಲಿದ್ದವರಿಗೆಲ್ಲ ಚಹಾ ತರಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಸಿಪಾಯಿ ಬಾಳು ಕಪ್ಪನ್ನು ಕೈಯಲ್ಲಿ ಹಿಡಿದು, ಮೇಲೆ ಕೆಳಗೆ ನೋಡಿ, ಕುಡಿಯದೆ ಪಕ್ಕಕ್ಕಿಟ್ಟ. ಮೆಕ್ಯಾನಿಕ್ ಒಬ್ಬ ಕುಡಿದು, ಏನೂ ಆಗಲಿಲ್ಲವೆಂದು ಖಾತ್ರಿ ಮಾಡಿಕೊಟ್ಟ ಮೇಲೆ ಕುಡಿದ. ಸೋಮವಾರ ಜೇಜುರಿಗೆ ಹೊರಟಿದ್ದ ಮುದುಕಿಯೊಬ್ಬಳಿಗೆ ಕಿಟಕಿಯಿಂದ ವೇಳೆಯ ಜೊತೆಗೆ ತನ್ನ ಛತ್ರಿಯನ್ನೂ ಕೊಟ್ಟ. "ವಾಪಸು ಯಾವಾಗ ಕೊಡಲಪ್ಪ?" ಎಂದಳು ಅವಳು. "ಕೊಡಲೇಬ್ಯಾಡವ್ವ, ಕೊಟ್ಟರ ನನಗ ಅಪಾಯ ಅದ," ಎಂದ ಗುರಣ್ಣ. ಮುದುಕಿ ಛತ್ರಿಯನ್ನು ಬಿಚ್ಚಿ ಒಳಗೆ ಏನಾದರೂ ಇದೆಯೇ ಎಂದು ನೋಡಿದಳು.

ಆ ವಾರ ಭಾಗ್ಯಾಳ ಮುಂದೆ ಹದಿನಾರು ಪದ ಬಂದವು. ಗುರಣ್ಣನಿಗೆ ಇನ್ನೇನು ಸಾಕ್ಷಿ ಬೇಕು? ಚಹಾಕ್ಕೆ ಒಂದು ಪದ, ಛತ್ರಿಗೆ ಎರಡು ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಮಡಚುವ ಮಂಚ ಹೋಯಿತು. ಹುಲಿಗೆವ್ವನ ತವರಿನ ತಾಮ್ರದ ಹಂಡೆ ಬಾಗಿಲವರೆಗೆ ಹೋಗಿ, ಹುಲಿಗೆವ್ವ ಅದರೊಳಗೇ ಕೂತದ್ದರಿಂದ ಒಳಗೆ ಬಂತು. ರಾಮಲಿಂಗಪ್ಪನ ಕಬ್ಬಿಣದ ಟ್ರಂಕು ಪ್ರಲ್ಹಾದನ ಪಾಲಾಯಿತು. ಪ್ರಲ್ಹಾದ ಎರಡೂ ಕೈಯಿಂದ ಇಸಿದುಕೊಂಡ; ಇಸಿದುಕೊಂಡು, ಓಣಿಯವರಿಗೆಲ್ಲ, "ಪಾಪ, ಅಣ್ಣ ಹೋದ ಮೇಲೆ ಮನುಷ್ಯಾನ ತಲಿ ನೆಟ್ಟಗಿಲ್ಲ," ಎಂದು ಹೇಳುವ ಧರ್ಮವನ್ನೂ ಮಾಡಿದ. ಮೂರನೆಯ ಮನೆಯ ಸಂಕಪ್ಪ ಏನೂ ಸಿಗಲಿಲ್ಲವೆಂದು ಮುನಿಸಿಕೊಂಡು, "ಜೀನ ಹೋಗೇತಿ ಅಂತಾನ, ನಮ್ಮ ಮನಿ ಮಟ ಇನ್ನೂ ಬಂದಿಲ್ಲ," ಎಂದು ಕೊಂಕು ನುಡಿದ.

ಡಿಪೋದಲ್ಲಿ ಬಾಳುವಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯ ಬಳಿ ಬಂದು ಮೆಲ್ಲಗೆ ಕೇಳಿದ. "ಖರೇ ಹೇಳ್ರಿ, ಏನಾಗೇದ ನಿಮಗ?"

ಗುರಣ್ಣ ಆಚೀಚೆ ನೋಡಿದ. ಬಾಳು ನಂಬಿಕೆಯ ಮನುಷ್ಯ. ಆದರೆ ಜೀನ ಎಂಬುದಕ್ಕೆ ಮರಾಠಿಯಲ್ಲಿ ಸರಿಯಾದ ಶಬ್ದ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಬಂದಿದ್ದರೂ ತನ್ನನ್ನು ತಾನು ಹಾಗೆ ಕರೆದುಕೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ. ಭಾಗ್ಯಾಳ ಶಬ್ದವನ್ನೇ, ಬಾಲ ಕತ್ತರಿಸಿದ್ದನ್ನೇ, ಇನ್ನೂ ಸ್ವಲ್ಪ ಗಿಡ್ಡ ಮಾಡಿ ಎತ್ತಿಕೊಟ್ಟ.

"ರಕ್ತ ತಪಾಸಣಿ ಆತು ಬಾಳೂ. ಜಿನ್ ಸಿಕ್ಕದ."

ಬಾಳುವಿನ ಕಣ್ಣುಗಳು ದೊಡ್ಡವಾದವು. ಅವನು ಮಿಲಿಟರಿ ಕ್ಯಾಂಟೀನಿನಲ್ಲಿ ಎರಡು ವರ್ಷ ಇದ್ದು ಬಂದವನು. ಯಾವ ಬಾಟಲಿಯ ಮೇಲೆ ಏನು ಬರೆದಿರುತ್ತದೆ ಎಂಬುದು ಅವನಿಗೆ ಬಾಯಿಪಾಠ.

ಸಂಜೆಯ ಹೊತ್ತಿಗೆ ಡಿಪೋದ ತುಂಬ ಸುದ್ದಿ: ಕಿಟಕಿಯ ಗುರಣ್ಣ ಕುಡಿಯುತ್ತಾನೆ, ಹೆಂಡ ಸಾರಾಯಿ ಅಲ್ಲ, ವಿಲಾಯಿತಿ ಜಿನ್ನು, ಡಾಕ್ಟರರೇ ರಕ್ತದಲ್ಲಿ ಹಿಡಿದಿದ್ದಾರೆ. ಹಾಗಾದರೆ ಚಹಾ ಹಂಚಿದ್ದು, ಛತ್ರಿ ಕೊಟ್ಟದ್ದು ಎಲ್ಲಕ್ಕೂ ಅರ್ಥ ಸಿಕ್ಕಿತು. ಮರುದಿನ ಡಿಪೋದ ಕಂಟ್ರೋಲರ್ ಕುಶಲ ಸಾಹೇಬರಿಂದ ಚೀಟಿ ಬಂತು. ಸೋಮವಾರ ಹನ್ನೊಂದಕ್ಕೆ ಹಾಜರಾಗತಕ್ಕದ್ದು. ವಿಚಾರಣೆ ಮುಗಿಯುವವರೆಗೆ ಕಿಟಕಿಯಲ್ಲಿ ಕೂಡತಕ್ಕದ್ದಲ್ಲ.

ಗುರಣ್ಣ ಚೀಟಿಯನ್ನು ಓದಿ, ಮಗ್ಗಲು ಬದಲಿಸಿ ನೋಡಿ, ಮನೆಗೆ ತಂದ. ಚೀಟಿಯಲ್ಲಿ ಕಾರಣ ಬರೆದಿರಲಿಲ್ಲ. "ನಾ ಜೀನ ಅಂತ ಸಾಹೇಬರಿಗೂ ಗೊತ್ತಾತು," ಎಂದು ಗೋಡೆಗೆ ಒರಗಿ ಕೂತ. ಸಾವಂತ್ರವ್ವ ಅವನ ಮುಂದೆ ತಾಟು ಇಟ್ಟು, ಪ್ರಲ್ಹಾದನ ಮನೆಗೆ ಹೋಗಿ, ಡಿಪೋದಲ್ಲಿ ನಿಜವಾಗಿ ಏನು ಸುದ್ದಿ ಎಂದು ಕೇಳಿಕೊಂಡು ಬಂದಳು. ಏನೂ ಹೇಳಲಿಲ್ಲ. ಸೋಮವಾರ ಬೆಳಗ್ಗೆ ಬೇಗ ಎದ್ದು, ಕೈಚೀಲ ಹಿಡಿದು, ಎಲ್ಲಿಗೆಂದು ಹೇಳದೆ ಹೊರಟುಹೋದಳು.

ಕುಶಲ ಸಾಹೇಬರು ಭಾರವಾದ ಮನುಷ್ಯ, ಮಾತೂ ಭಾರ. ಗುರಣ್ಣ ಒಳಗೆ ಬಂದೊಡನೆ ಮೇಜಿನ ಮೇಲಿಂದ ಬಾಗಿ ಎರಡು ಸಲ ಮೂಸಿದರು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಬಾಗಿಲ ಹೊರಗೆ ಬಾಳು, ಪ್ರಲ್ಹಾದ, ಮತ್ತು ಆ ಹೊತ್ತಿಗೆ ಬಸ್ಸು ಬಿಡಬೇಕಾಗಿದ್ದ ಆರು ಜನ ಡ್ರೈವರರು ನಿಂತಿದ್ದರು.

"ಗುರಣ್ಣ, ನಿನ್ನ ರಕ್ತದಾಗ ಸಿಕ್ಕದ್ದು ಖರೆ ಏನು?" ಸಾಹೇಬರ ಮರಾಠಿ ಗಂಭೀರವಾಗಿತ್ತು.

"ಖರೆ ಸಾಹೇಬ್ರ."

"ಎಂದಿನಿಂದ?"

"ಹುಟ್ಟಿದಾಗಿಂದ ಅದ ಅಂತ ಕಾಣ್ತದ್ರಿ."

ಸಾಹೇಬರು ಕನ್ನಡಕ ತೆಗೆದರು. "ಹುಟ್ಟಿದಾಗಿಂದ?"

"ನಮ್ಮಪ್ಪಗ ಭಾಳ ಇತ್ರಿ. ಅಣ್ಣಗೂ ಇತ್ತು. ಅವರದ ನನಗ ಬಂದದ."

"ಮನೆಯಾಗ ಹೆಂಗಸರು ಏನೂ ಅನ್ನೂದಿಲ್ಲ?"

"ಹುಲಿಗೆವ್ವ ಲಗ್ನಾದಾಗಿಂದ ಬೈಯಾಕ ಹತ್ಯಾಳ್ರಿ. ಬಿಡ್ರಿ ಬಿಡ್ರಿ ಅಂತಾಳ. ಒಮ್ಮಿಗೇ ಬಿಡಾಕ ಆಗೂದಿಲ್ಲ ಸಾಹೇಬ್ರ, ದಿನಾ ಇಷ್ಟಿಷ್ಟ ಕಡಿಮಿ ಮಾಡಾಕ ಹತ್ತೀನಿ. ನಿಮಗೂ ಬೇಕಾದ್ರ ಇವತ್ತ ಕೊಡ್ತೀನಿ."

"ಆಫೀಸಿನಾಗ ನನಗ ಕೊಡ್ತೀಯಾ?" ಸಾಹೇಬರು ಎದ್ದು ನಿಂತರು. ಹೊರಗಿನ ಆರು ಡ್ರೈವರರು ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದರು.

ಆಗ ಸಾವಂತ್ರವ್ವ ಒಳಗೆ ಬಂದಳು. ಹಿಂದೆ ಭಾಗ್ಯಾ. ಅವಳನ್ನು ಕಾಲೇಜಿನಿಂದ ರಿಕ್ಷಾದಲ್ಲಿ ಕೂರಿಸಿಕೊಂಡೇ ಬಂದಿದ್ದಳು.

"ಸರ್, ಅದು ಜಿನ್ ಅಲ್ಲ, ಜೀನ್!" ಎಂದಳು ಭಾಗ್ಯಾ, ತನಗೆ ಬಂದಷ್ಟು ಹಿಂದಿಯಲ್ಲಿ. ಸಾಹೇಬರಿಗೆ ಎರಡರಲ್ಲಿ ಏನು ವ್ಯತ್ಯಾಸವೆಂದು ತಿಳಿಯಲಿಲ್ಲ. ಎರಡನೆಯದು ಸ್ವಲ್ಪ ಉದ್ದವಾದ ಬಾಟಲಿ ಇರಬಹುದೆಂದುಕೊಂಡರು. ಸಾವಂತ್ರವ್ವ ರಿಕ್ಷಾದಲ್ಲಿ ಭಾಗ್ಯಾಳಿಂದ ಕೇಳಿಕೊಂಡದ್ದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದಳು.

"ಅಪ್ಪನ ಮೂಗು ಮಗಗ ಬರ್ತದಲ್ರಿ ಸಾಹೇಬ್ರ, ಅದರ ಬೀಜಕ್ಕ ಇವರು ಜೀನ್ ಅಂತಾರ. ಕುಡಿಯೂದಲ್ಲ. ಗುರಣ್ಣ, ಜಿಪುಣತನಾನೂ ಅಲ್ಲ."

ಗುರಣ್ಣನ ಬಾಯಿ ತೆರೆದುಕೊಂಡಿತು. "ಹಂಗಾದ್ರ ನಾ ಜೀನ ಅಲ್ಲೇನ್ರೀ ವೈನಿ?"

"ಜೀನ ಹೌದು. ಅದು ರಕ್ತದಾಗಿಲ್ಲ, ಸ್ವಭಾವದಾಗ ಅದ."

ಹೊರಗೆ ನಗು ಎದ್ದಿತು. ಪ್ರಲ್ಹಾದ ಮಾತ್ರ ನಗಲಿಲ್ಲ. ಟ್ರಂಕು ವಾಪಸು ಕೊಡಬೇಕಾಗುವುದೋ ಏನೋ ಎಂಬ ಚಿಂತೆ ಅವನಿಗೆ. ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಕುಶಲ ಸಾಹೇಬರು ಪೂರ್ತಿ ಕೇಳದೆ ಕಡತ ಮುಚ್ಚುವವರಲ್ಲ.

"ಹಾಗಾದರೆ ಆ ಬೀಜ ಏನು ಮಾಡ್ತದ?"

ಭಾಗ್ಯಾ ಪ್ರಾಮಾಣಿಕ ಹುಡುಗಿ. "ಮರೆವು ಬರಬಹುದು ಸರ್," ಅಂದುಬಿಟ್ಟಳು.

ನಗು ನಿಂತಿತು. ಕುಡುಕನನ್ನು ಎಚ್ಚರಿಕೆ ಕೊಟ್ಟು ಬಿಡಬಹುದು, ಜಿಪುಣನನ್ನು ನಕ್ಕು ಬಿಡಬಹುದು. ಚೌಕಶಿ ಕಿಟಕಿಯಲ್ಲಿ ಮರೆಗುಳಿಯನ್ನು ಕೂರಿಸಿದರೆ ಸಾತಾರಕ್ಕೆ ಹೋಗಬೇಕಾದ ಮದುವೆಯ ದಿಬ್ಬಣ ನಾಸಿಕದಲ್ಲಿ ಇಳಿಯುತ್ತದೆ. ಸಾಹೇಬರು ಗುರಣ್ಣನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಭಾಗ್ಯಾ ತಾನು ಹೇಳಿದ್ದಕ್ಕೆ ತಾನೇ ಹೆದರಿ, "ಇದ್ರೂ ಬರದೇ ಇರಬಹುದು ಸರ್, ಇಲ್ದಿದ್ರೂ ಬರಬಹುದು, ಇವರಿಗೆ ಇದೆ ಅಂತ ನಾ ಹೇಳಿಲ್ಲ," ಎಂದು ಒಂದೇ ಉಸಿರಿನಲ್ಲಿ ಸೇರಿಸಿದಳು. ಅದರಿಂದ ಯಾರಿಗೂ ಧೈರ್ಯ ಬರಲಿಲ್ಲ.

"ಪರೀಕ್ಷೆ ಮಾಡೋಣ," ಎಂದರು ಸಾಹೇಬರು. "ಬಾಳೂ, ವೇಳಾಪಟ್ಟಿಯ ದೊಡ್ಡ ರಜಿಸ್ಟರ್ ತಾ."

ಬಾಳು ತಲೆ ಕೆರೆದುಕೊಂಡ. "ಅದು ಕಳೆದು ನಾಕು ವರ್ಷ ಆತಲ್ರೀ ಸಾಹೇಬ್ರ."

"ಮತ್ತ ಇಷ್ಟು ದಿನ ಏನು ನೋಡಿ ನಡಸೀರಿ?"

"ಗುರಣ್ಣನ ಕೇಳ್ತೀವ್ರಿ."

ಹೌದು. ಹಿಂದಿನ ಸಾಹೇಬರ ಕಾಲದಲ್ಲಿ ಒಂದು ದಿನ ರಜಿಸ್ಟರು ಕಾಣೆಯಾಗಿತ್ತು. ಮೇಲಿನ ಕಚೇರಿಗೆ ನಾಲ್ಕು ಪತ್ರ ಹೋಗಿ, "ಹುಡುಕಿರಿ" ಎಂಬ ಒಂದು ಉತ್ತರ ಬಂದಿತ್ತು. ಹುಡುಕುವುದಕ್ಕಿಂತ ಗುರಣ್ಣನನ್ನು ಕೇಳುವುದೇ ಸುಲಭವೆಂದು ಎಲ್ಲರೂ ಕಂಡುಕೊಂಡಿದ್ದರು. ಈಗ ಗುರಣ್ಣ ಹೇಳುವುದು ಸರಿಯೋ ತಪ್ಪೋ ಎಂದು ನೋಡಲು ಗುರಣ್ಣನನ್ನೇ ಕೇಳಬೇಕಾಗಿತ್ತು. ಸಾಹೇಬರು ಹಣೆ ಹಿಡಿದು ಕೂತರು. "ಪುಸ್ತಕ ಇಲ್ಲದೆ ನಾನು ಏನೂ ಮಾಡೋ ಹಂಗಿಲ್ಲ. ಹಿಂದಿನ ಕೋಣೆ—"

ಸಾವಂತ್ರವ್ವ ಕೈಚೀಲದಿಂದ ಒಂದು ಗಂಟು ತೆಗೆದಳು. ಹಳೆಯ ಧೋತರದ ತುಂಡು ಬಿಚ್ಚಿದಳು. ಕೆಂಪು ಬಟ್ಟೆಯ ಬೈಂಡು, ಮೇಲೆ ಡಿಪೋದ ಮುದ್ರೆ.

ಸಾಹೇಬರು ಪುಸ್ತಕ ಎಳೆದುಕೊಂಡು ನಡುವೆ ಎಲ್ಲೋ ತೆರೆದು, ಬೆರಳಿಟ್ಟು, ಕೇಳಿದರು. "ಬಾರಾಮತಿ. ಮಧ್ಯಾಹ್ನ."

"ಹನ್ನೆರಡೂವರಿ, ಎರಡೂ ಹತ್ತು, ನಾಕೂಕಾಲು. ಎರಡೂ ಹತ್ತರದು ಮೋರಗಾವ ಮ್ಯಾಲಿಂದ. ನಾಕೂಕಾಲರದು ಸೋಮವಾರ ಇಲ್ಲ."

"ಜೇಜುರಿ. ಅಮಾವಾಸ್ಯೆಗೆ."

"ಸೋಮವತಿ ಅಮಾವಾಸ್ಯೆ ಏನ್ರಿ, ಬರೀ ಅಮಾವಾಸ್ಯೆ? ಎರಡಕ್ಕೂ ಬ್ಯಾರೆ ಬ್ಯಾರೆ ಅವ."

ಸಾಹೇಬರು ಪುಟ ತಿರುಗಿಸಿದರು. ಇಪ್ಪತ್ತು ನಿಮಿಷ ಕೇಳಿದರು. ಗುರಣ್ಣನ ಬೆನ್ನು ನೆಟ್ಟಗಾಗುತ್ತ ಬಂತು, ಧ್ವನಿ ಕಿಟಕಿಯ ಧ್ವನಿಯಾಯಿತು. ಒಂದು ಕಡೆ ಮಾತ್ರ ಪುಸ್ತಕದಲ್ಲಿ ಏಳೂವರೆ ಇದ್ದರೆ ಗುರಣ್ಣ ಏಳೂಮುಕ್ಕಾಲು ಅಂದ. ಸಾಹೇಬರ ಬೆರಳು ನಿಂತಿತು. ಬಾಗಿಲಿಂದ ಒಬ್ಬ ಡ್ರೈವರ್ ಕೂಗಿದ: "ಅದನ್ನ ಬದಲಿ ಮಾಡಿ ಎರಡ ವರ್ಷ ಆತ್ರೀ ಸಾಹೇಬ್ರ! ನಾನ ಒಯ್ತೀನಿ ಆ ಗಾಡಿ!"

ಸಾಹೇಬರು ನಕ್ಕರು. ಆ ಕೋಣೆಯ ಗೋಡೆಗಳಿಗೆ ಅದು ಹೊಸ ಸದ್ದು. "ಹೋಗು," ಅಂದರು. "ಕಿಟಕಿಯ ಮುಂದೆ ಇಡೀ ಪುಣೆ ನಿಂತದ. ನಿವೃತ್ತಿ ಆಗೋತನಕ ಅಲ್ಲೇ ಕೂಡು. ಕಾಲೇಜಿಗೂ ಹೋಗು, ಬಿಡಬ್ಯಾಡ."

ಗುರಣ್ಣ ಓಡಿಯೇ ಹೋದ. ಅವನ ಹಿಂದೆ ಬಾಗಿಲು ಖಾಲಿಯಾಯಿತು. ಆರು ಬಸ್ಸುಗಳು ಒಟ್ಟಿಗೆ ಗುಡುಗಿದವು. ಸರಳುಗಳ ಆಚೆ ಗಂಟಲು ಸರಿಪಡಿಸಿಕೊಂಡು ಅವನು ಇಂದಾಪುರದವರನ್ನು ಕರೆಯುವುದು ಕೋಣೆಯವರೆಗೂ ಕೇಳಿಸಿತು.

ಸಾಹೇಬರು ಆಗ ಪುಸ್ತಕದ ಮೊದಲ ಪುಟಕ್ಕೆ ಬಂದರು. ಅಲ್ಲಿ ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗೀಟುಗಳು. ಒಂದೆರಡಲ್ಲ, ಗೀಟಿನ ಮೇಲೆ ಗೀಟು, ಅಂಚಿನಲ್ಲಿ ಜಾಗವೇ ಉಳಿಯದಷ್ಟು. ಎರಡನೆಯ ಪುಟದಲ್ಲಿ ಅರ್ಧದಷ್ಟು. ಮೂರನೆಯದರಲ್ಲಿ ಎರಡೋ ಮೂರೋ. ಆಮೇಲೆ ಕೊನೆಯವರೆಗೂ ಬಿಳಿ.

"ಇದು ಏನು ಬಾಯಿ?"

"ನಮ್ಮವರು ತಮ್ಮನ ಊಟದ ಡಬ್ಬಿ ಕೊಡಾಕ ಬಂದಾಗ ಕೇಳಿ ಒಯ್ದಿದ್ರಂತ ಕಾಣ್ತದ್ರಿ. ಯಾರನ್ನ ಕೇಳಿದ್ರೋ, ಅವರಿಗೂ ನೆನಪಿಲ್ಲ, ಇವರಿಗೂ ನೆನಪಿರಲಿಲ್ಲ. ಟ್ರಂಕ್ ಕೊಡಾಕ ಖಾಲಿ ಮಾಡೂ ಮುಂದ ತಳದಾಗ ಸಿಕ್ತು." ಸಾವಂತ್ರವ್ವ ಧೋತರದ ತುಂಡನ್ನು ಮಡಚುತ್ತಿದ್ದಳು. "ತಮ್ಮನಂಗ ಬಾಯಿಪಾಠ ಮಾಡಿದ್ರ ತಲಿ ಗಟ್ಟಿ ಉಳೀತದ ಅಂದ್ಕೊಂಡಿರಬೇಕು. ಮಾಡಿದ್ದು ಮರೆತು ದಿನಾ ಮೊದಲನೇ ಹಾಳಿಯಿಂದ ಸುರು ಮಾಡ್ಯಾರ."

ಭಾಗ್ಯಾ ಆ ಪುಟದ ಮೇಲೆ ಬಾಗಿ ನೋಡಿದಳು. ಎಷ್ಟು ಗೀಟೆಂದು ಎಣಿಸಲು ಬೆರಳು ಇಟ್ಟವಳು ತೆಗೆದಳು.

"ರಬ್ಬರ್ ಅದ ಏನ್ರಿ?" ಎಂದಳು ಸಾವಂತ್ರವ್ವ. "ಮಂದಿ ಸಾಮಾನು, ತಂದಂಗ ಕೊಡಬೇಕು."

"ಇರಲಿ ಬಿಡ್ರಿ ಬಾಯಿ."

ಅವಳು ಕ್ಷಣ ಹೊತ್ತು ಪುಟ ನೋಡಿದಳು. ಆಮೇಲೆ ರಜಿಸ್ಟರನ್ನು ಮುಚ್ಚಿ, ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಸಾಹೇಬರ ಕಡೆ ಸರಿಸಿದಳು.

"ತಗೋರಿ," ಅಂದಳು. "ತಡ ಆತು."